ಡ್ಯೂಟಿ ಚಾರ್ಟಿನಲ್ಲಿ ಜ್ವರಕ್ಕೆ ಜಾಗವಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ. ಬೆಳಗಿನ ಜಾವ 4 ಗಂಟೆಗೆ ಡ್ರಿಪ್ ಮುಗಿದಿದೆ ಎಂದು ಕರೆಯಲು ಹೋದರೆ ನರ್ಸ್ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಳಂತೆ. ಇಂಥವರನ್ನು ಮನೆಗೆ ಕಳಿಸಬೇಕು ಎಂದು ಅವರ ಒತ್ತಾಯ. ಸಿಟ್ಟು ಬಂದದ್ದು ತಪ್ಪಲ್ಲ. ನನ್ನ ಅಪ್ಪ ಆ ಹಾಸಿಗೆಯಲ್ಲಿ ಇದ್ದಿದ್ದರೆ ನಾನೂ ಕೂಗಾಡುತ್ತಿದ್ದೆ. ಆದರೆ ಮನೆಗೆ ಕಳಿಸಿ ಎಂಬ ಮಾತು ಓದಿ ನಗು ಬಂತು. ಪಾಪ, ಆ ಹುಡುಗಿ ಕೇಳುತ್ತಿದ್ದದ್ದೂ ಅದನ್ನೇ ಇರಬೇಕು.

ನಾನು 31 ವರ್ಷ ನರ್ಸ್ ಆಗಿದ್ದವಳು. ಕೊನೆಯ 9 ವರ್ಷ ವಾರ್ಡ್ ಇನ್‌ಚಾರ್ಜ್. ಅಂದರೆ ಡ್ಯೂಟಿ ಚಾರ್ಟ್ ಬರೆಯುವ ಕೆಲಸ ನನ್ನದು. ಆ ಚಾರ್ಟನ್ನು ನಾನು ಒಮ್ಮೆಯೂ ಪೆನ್ನಿನಲ್ಲಿ ಬರೆದವಳಲ್ಲ. ಪೆನ್ಸಿಲ್, ಪಕ್ಕದಲ್ಲಿ ರಬ್ಬರ್. ತಿಂಗಳ ಕೊನೆಗೆ ಹಾಳೆ ಅಳಿಸಿ ಅಳಿಸಿ ತೂತು ಬೀಳುವುದೊಂದು ಬಾಕಿ. ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ರಾತ್ರಿಯದ್ದು 8ರಿಂದ ಮರುದಿನ 8. ಹಗಲಿನವರಿಗೆ ಆರಾರು ಗಂಟೆ, ರಾತ್ರಿಯವರಿಗೆ ಒಟ್ಟಿಗೆ 12. ರಾತ್ರಿ ಕೆಲಸ ಕಡಿಮೆ ಎಂದು ಈ ಲೆಕ್ಕ ಹಾಕಿದವರು ಯಾರೋ! ಎದೆನೋವಿಗೂ ಹೆರಿಗೆನೋವಿಗೂ ರಾತ್ರಿಯೇ ಇಷ್ಟ ಎಂಬುದು ನಮ್ಮ ಆಯಾಗಳಿಗೂ ಗೊತ್ತಿತ್ತು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಓದುಗರೇ ಬೇಕಾದರೆ ಹಾಕಿ ನೋಡಲಿ. ವಾರಕ್ಕೆ 168 ಗಂಟೆ. ವಾರ್ಡಿನ ಒಂದು ಕುರ್ಚಿ ಯಾವ ಹೊತ್ತಿಗೂ ಖಾಲಿ ಇರಬಾರದು ಅಂದರೆ, ಒಬ್ಬರಿಗೆ 48 ಗಂಟೆಯಂತೆ ಮೂರೂವರೆ ಜನ ಬೇಕು. ಅರ್ಧ ಮನುಷ್ಯರು ಸಿಗುವುದಿಲ್ಲ, ಹಾಗಾಗಿ 4. ಎಷ್ಟೋ ಕಡೆ ನಾನು ಕಂಡದ್ದು ಮೂರೇ ಜನ. ಆಗ ತಲೆಗೆ 56 ಗಂಟೆ. ಅವರಲ್ಲಿ ಒಬ್ಬಳಿಗೆ ಜ್ವರ ಬಂತು ಅನ್ನಿ, ಉಳಿದ ಇಬ್ಬರಿಗೆ 84. ಜ್ವರವೇನು ಕೇಳಿಕೊಂಡು ಬರುತ್ತದೆಯೇ? ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ ಎಂದು ವಾರ್ಡ್ ತುಂಬಿ ವರಾಂಡದಲ್ಲಿ ಹಾಸಿಗೆ ಹಾಕಿದಾಗಲೇ ನರ್ಸ್‌ಗೂ ಮೈ ಬಿಸಿಯಾಗುವುದು.

ಇದಕ್ಕೆಂದೇ ನಮ್ಮಲ್ಲಿ ‘ಲೀವ್ ರಿಸರ್ವ್’ ಎಂಬ ಮಾತಿದೆ. ರಜೆ ಹಾಕುವವರ ಬದಲಿಗೆ ಮೊದಲೇ ಹೆಚ್ಚಿಗೆ ಜನ ಇಟ್ಟುಕೊಳ್ಳುವುದು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಅದು ಶೇ 30. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆಮೇಲೆ 31 ವರ್ಷದಲ್ಲಿ ಕಣ್ಣಿಗೆ ಬಿದ್ದದ್ದಿಲ್ಲ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಜುಲೈ ತಿಂಗಳು, ಜಡಿಮಳೆ. ಸಂಜೆ 6ಕ್ಕೆ ಫೋನ್ ಬಂತು. “ಮೇಡಂ, ಜ್ವರ, ಮೈಕೈ ನೋವು. ಇವತ್ತು ನೈಟ್ ಆಗೂದಿಲ್ಲ.” ರಾತ್ರಿಗೆ ಹಾಕಿದ್ದು ಅವಳೊಬ್ಬಳನ್ನೇ. ಮಧ್ಯಾಹ್ನದ ಪಾಳಿಯವಳನ್ನು ಇರು ಅನ್ನೋಣ ಎಂದರೆ ಮನೆಯಲ್ಲಿ ಹಾಲು ಕುಡಿಯುವ ಕೂಸು. ಇನ್ನೊಬ್ಬಳು ಹಿಂದಿನ ರಾತ್ರಿ ಪೇಶಂಟ್ ಜೊತೆ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಮಧ್ಯಾಹ್ನವಷ್ಟೇ ವಾಪಸ್ ಬಂದವಳು. ನಾನು ಕೇಳಿದ್ದು ಒಂದೇ: “ಎಷ್ಟಿದೆ ಜ್ವರ?” 101 ಅಂದಳು. “ಹಾಗಾದ್ರೆ ಬಾ ತಂಗಿ, ಇಲ್ಲೇ ಒಂದು ಪ್ಯಾರಾಸಿಟಮಾಲ್ ತಗೊಂಡ್ರಾಯ್ತು” ಅಂದೆ. ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿಕೊಂಡು ಬಂದಳು.

ಆ ರಾತ್ರಿ ವಾರ್ಡಿನಲ್ಲಿ ಇಬ್ಬರು ಗಣಪತಿ ಇದ್ದರು. ಶಿರಸಿ ಕಡೆ ಗಣಪತಿಯರಿಗೆ ಬರವೇ? ಒಬ್ಬರಿಗೆ ಸಕ್ಕರೆ ಕಾಯಿಲೆ. ಇನ್ನೊಬ್ಬರು ಅಡಿಕೆ ಮರದಿಂದ ಬಿದ್ದು ಕಾಲು ಮುರಿದುಕೊಂಡವರು. ಬೆಳಿಗ್ಗೆ 7ಕ್ಕೆ, ತಿಂಡಿಗೆ ಮೊದಲು, ಇನ್ಸುಲಿನ್ ತುಂಬಿದ ಸಿರಿಂಜ್ ಹಿಡಿದು ಅವಳು ನಿಂತದ್ದು ಕಾಲು ಮುರಿದವರ ಹಾಸಿಗೆ ಹತ್ತಿರ. “ಇವ್ರಿಗೆ ಸಕ್ಕರೆ ಇಲ್ವಲ್ಲ ತಂಗಿ” ಎಂದು ಅವರ ಹೆಂಡತಿ ಹೇಳಿದ್ದಕ್ಕೆ ಬಚಾವ್. ಯಾರಿಗೂ ತಿಳಿಯುತ್ತಿರಲಿಲ್ಲ, ಅವಳೇ ಬಂದು ಅಳುತ್ತಾ ನನಗೆ ಹೇಳಿದಳು. ನಾನು ಮೆಮೊ ಕೊಡಲಿಲ್ಲ. ಕೊಡುವುದಾದರೆ ಮೊದಲು ನನಗೇ ಕೊಟ್ಟುಕೊಳ್ಳಬೇಕಿತ್ತು.

ಜ್ವರ ಬಿಡಿ, ಬರೀ ನಿದ್ದೆಗೆಟ್ಟರೂ ಸಾಕು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣು, ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟು ಮಂದವಾಗುತ್ತದೆ ಎಂದು 1997ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಮಿತಿ ಶೇ 0.03. ಬೆಳಿಗ್ಗೆ 6ಕ್ಕೆ ಎದ್ದು, ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮಾಡಿಟ್ಟು ಬಂದವಳಿಗೆ ಮರುದಿನ ಬೆಳಗಿನ ಜಾವ 4 ಅಂದರೆ 22ನೇ ಗಂಟೆ. ಅವಳಿಗೆ ಬೈಕ್ ಕೀಲಿ ಕೊಡಬಾರದು, ಸಿರಿಂಜ್ ಕೊಡಬಹುದು. ವಿಚಿತ್ರ ಅಲ್ವಾ?

ರಜೆ ಇಲ್ಲವೇ ಎಂದು ಕೇಳಿದರೆ, ಕಾಗದದ ಮೇಲೆ ಇದೆ. ಕಾಯಂ ಸರ್ಕಾರಿ ನೌಕರರಿಗೆ ವೈದ್ಯಕೀಯ ರಜೆ ಉಂಟು. ಗುತ್ತಿಗೆಯ ಡಿ ಗ್ರೂಪ್‌ನವರ ಕಥೆ ಬೇರೆ, ನಾನು ಕಂಡವರಿಗೆಲ್ಲ ಬರದ ದಿನದ ಸಂಬಳ ಕಟ್. ಖಾಸಗಿಯಲ್ಲಿ ಸಂಬಳ 21,000 ರೂಪಾಯಿ ಒಳಗಿದ್ದರೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇದೆ: ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70. ಕೇಳಲು ಚಂದ. ಆದರೆ ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಅದರಿಂದ ದುಡ್ಡು ಬರುವುದಿಲ್ಲ. ಮೂರು ದಿನದ ಜ್ವರಕ್ಕೆ ಒಂದು ದಿನದ ದುಡ್ಡು, ಅದಕ್ಕೂ ಸರ್ಟಿಫಿಕೇಟಿಗೆ ಓಡಾಟ. ಹುಡುಗಿಯರು ಸುಮ್ನೆ ಮಾತ್ರೆ ನುಂಗಿ ಬರುತ್ತಾರೆ. ದುಡ್ಡಿಗಿಂತ ಜಾಸ್ತಿ ಹೆದರುವುದು ಇನ್ನೊಂದಕ್ಕೆ. ನಾನು ಮಲಗಿದರೆ ನನ್ನ ಗೆಳತಿ ಡಬಲ್ ಡ್ಯೂಟಿ ಮಾಡಬೇಕು, ಮುಂದಿನ ವಾರ ಅವಳು ನನ್ನ ಮುಖ ನೋಡುವುದಿಲ್ಲ. ರಜೆ ಕೊಡುವವರು ಆಡಳಿತದವರು. ಅದರ ಬೆಲೆ ಕಟ್ಟುವವಳು ಪಕ್ಕದ ನರ್ಸ್.

2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ರಚಿಸಿದ ಸಮಿತಿ, ಖಾಸಗಿ ನರ್ಸ್‌ಗಳ ರಜೆ, ಕೆಲಸದ ಗಂಟೆ, ವಸತಿ ಎಲ್ಲ ಸರ್ಕಾರಿ ನರ್ಸ್‌ಗಳಂತೆಯೇ ಇರಬೇಕು, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ಸಂಬಳ 20,000ಕ್ಕಿಂತ ಕಡಿಮೆ ಇರಬಾರದು ಎಂದಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟು ನರ್ಸಿಂಗ್ ಹೋಮ್‌ಗಳಲ್ಲಿ ಈ ಕಾಗದ ತೆರೆದು ನೋಡಿದ್ದಾರೆ ಎಂದು ಯಾರಾದರೂ ಕೇಳಿದರೆ ಒಳ್ಳೆಯದು. ನರ್ಸ್ ಸಿಗುವುದಿಲ್ಲ ಎನ್ನುತ್ತಾರೆ. ಸಿಗುತ್ತಾರೆ ಸ್ವಾಮಿ, ಗೋವಾದಲ್ಲಿ, ಮಂಗಳೂರಿನಲ್ಲಿ, ದುಬೈಯಲ್ಲಿ. ನನ್ನ ಕೈಕೆಳಗೆ ಪಳಗಿದವರೇ ಎಷ್ಟೋ ಜನ ಅಲ್ಲಿದ್ದಾರೆ.

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ನಾವೆಲ್ಲ ಕೂಗುತ್ತಿದ್ದೇವೆ. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಪಕ್ಕದ ಜಿಲ್ಲೆಗೆ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಪಲ್ಟಿಯಾದ ಮೇಲೆ ಆ ಕೂಗು ಇನ್ನೂ ಜೋರಾಯಿತು. ಬೇಕೇ ಬೇಕು. ಆದರೆ ಎಷ್ಟು ಹಾಸಿಗೆ, ಎಷ್ಟು ಕೋಟಿ ಎಂದು ಕೇಳುವ ನಾವು, ರಾತ್ರಿ ಎಷ್ಟು ಜನ ನರ್ಸ್ ಎಂದು ಕೇಳಿದ್ದು ನಾನು ಕಾಣೆ. ಈಗ ಇರುವ ಆಸ್ಪತ್ರೆಗಳಲ್ಲೇ ಪ್ರತಿ ವಾರ್ಡಿನ ಬಾಗಿಲಿಗೆ ಒಂದು ಬೋರ್ಡ್ ಹಾಕಿಸಬಹುದಲ್ಲ? ಇವತ್ತು ರಾತ್ರಿ ಇಷ್ಟು ರೋಗಿಗಳು, ಇಷ್ಟು ನರ್ಸ್, ಬದಲಿಗೆ ಇಂಥವರು. ಚಾಕ್‌ಪೀಸಿನಲ್ಲಿ ಬರೆದರೂ ಆದೀತು. ಇದಕ್ಕೆ ಯಾವ ಕೋಟಿಯೂ ಬೇಡ.

ಪತ್ರ ಬರೆದ ಓದುಗರ ಅಪ್ಪ ಈಗ ಹುಷಾರಾಗಿರಬಹುದು. ಅವರಿಗೆ ನನ್ನದೊಂದು ವಿನಂತಿ. ಇನ್ನೊಮ್ಮೆ ಅಂಥ ಸಂದರ್ಭ ಬಂದರೆ ನರ್ಸನ್ನು ಎಬ್ಬಿಸಿ, ಖಂಡಿತ ಎಬ್ಬಿಸಿ. ಡ್ರಿಪ್ ಬದಲಾಯಿಸಿದ ಮೇಲೆ “ಇದು ಎಷ್ಟನೇ ನೈಟ್ ತಂಗಿ?” ಎಂದು ಕೇಳಿ. ಅವಳು ಹೇಳಿದ ಸಂಖ್ಯೆ ಬರೆದಿಟ್ಟುಕೊಂಡು, ಬೆಳಿಗ್ಗೆ 10ಕ್ಕೆ ಆಡಳಿತದವರು ಬಂದಾಗ ಅವರ ಮೇಜಿನ ಮುಂದೆ ಕೂಗಾಡಿ.

– ನಿವೃತ್ತ ನರ್ಸ್, ಶಿರಸಿ