ಈ ಭಾನುವಾರದ ಮಾತುಕತೆ: ಡ್ರ್ಯಾಗನ್ ಸವಾರರು

ಗೆಳೆಯರೇ, ಭಾನುವಾರ ಸಂಜೆ 6ಕ್ಕೆ ಡ್ರ್ಯಾಗನ್ ಸವಾರರ ಕಥೆಗಳ ಬಗ್ಗೆ ಮಾತನಾಡೋಣ. ಆನ್ ಮ್ಯಾಕ್‌ಕ್ಯಾಫ್ರಿಯವರ 1968ರ ಕಾದಂಬರಿ ‘ಡ್ರ್ಯಾಗನ್‌ಫ್ಲೈಟ್’ನಲ್ಲಿ ಮೊಟ್ಟೆ ಒಡೆಯುವ ಭಾಗವನ್ನಾದರೂ ಓದಿಕೊಂಡು ಬನ್ನಿ. ಆಗಷ್ಟೇ ಹೊರಬಂದ, ಇನ್ನೂ ತಡವರಿಸುವ ಮರಿ ಡ್ರ್ಯಾಗನ್ ಕಥಾನಾಯಕಿ ಲೆಸ್ಸಾಳನ್ನು ತಾನಾಗಿಯೇ ಆರಿಸಿಕೊಂಡು ಅವಳ ಮನಸ್ಸಿನೊಳಗೇ ಮಾತನಾಡುತ್ತದೆ. ನನ್ನ ಮಟ್ಟಿಗೆ ಈ ಕಥೆಗಳ ಜೀವ ಇರುವುದೇ ಅಲ್ಲಿ; ಬೆಂಕಿ, ಯುದ್ಧವೆಲ್ಲ ಆಮೇಲಿನ ಮಾತು. ಅಷ್ಟು ದೊಡ್ಡ ಜೀವವೊಂದು ‘ನನಗೆ ನೀನೇ ಬೇಕು’ ಎಂದರೆ ಯಾರ ಎದೆ ತುಂಬುವುದಿಲ್ಲ?

ಆಟಗಾರರಿಗೆ ಆ ಸುಖ ಬೆರಳ ತುದಿಯಲ್ಲಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ವಿಡಿಯೊ ಗೇಮ್ 2022ರಲ್ಲಿ ತಂದ ಡ್ರ್ಯಾಗನ್ ಸವಾರಿಯಲ್ಲಿ ಕೆಳಕ್ಕೆ ಎರಗಿದರೆ ವೇಗ ಏರುತ್ತದೆ, ಆ ವೇಗವೇ ಮತ್ತೆ ಮೇಲಕ್ಕೆ ಒಯ್ಯುತ್ತದೆ. ಆಡುವವರು ಲ್ಯಾಪ್‌ಟಾಪ್ ತನ್ನಿ, ಓದುಗರಿಗೂ ಒಮ್ಮೆ ಹಾರಿಸಿ ತೋರಿಸಬೇಕು.