ಈ ಭಾನುವಾರದ ಮಾತು: ಶೆ ಪನೀಸ್
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಾತಾಡುವುದು ಶೆ ಪನೀಸ್ ಅನ್ನೋ ಅಮೆರಿಕದ ರೆಸ್ಟೋರೆಂಟ್ ಬಗ್ಗೆ. ಆಲಿಸ್ ವಾಟರ್ಸ್ ಇದನ್ನು 1971ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರು ಮಾಡಿದರು. ಮೊದಲ ದಿನದ ಊಟ 3.95 ಡಾಲರ್, ಒಂದೇ ಮೆನು, ಮಾಡಿದ್ದನ್ನು ತಿನ್ನಬೇಕು ಅಷ್ಟೇ!

ಆಲಿಸ್ ಅವರಿಗೆ ಓದುವಾಗ ಫ್ರಾನ್ಸಿಗೆ ಹೋಗಿದ್ದಾಗ ಅಲ್ಲಿನ ಸಂತೆಯ ತಾಜಾ ತರಕಾರಿಯ ರುಚಿ ಹಿಡಿಸಿತ್ತು, ಅದೇ ರುಚಿ ಬೇಕು ಅಂತ ಸುತ್ತಮುತ್ತಲ ಸಣ್ಣ ರೈತರನ್ನು ಹುಡುಕಿಕೊಂಡು ಹೋದರು, ಆಯಾ ಕಾಲದಲ್ಲಿ ಬೆಳೆದದ್ದೇ ಆ ದಿನದ ಅಡುಗೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ, ಮೆನುವನ್ನು ಹೊಲವೇ ಬರೆಯುತ್ತಿತ್ತು ಅಲ್ವಾ. 1980ರಲ್ಲಿ ಮಹಡಿ ಮೇಲೆ ಕೆಫೆ ಬಂತು. 1982ರಲ್ಲಿ ಬೆಂಕಿ ಬಿತ್ತು, ಮತ್ತೆ ಕಟ್ಟಿದರು.

ಪ್ರಶ್ನೆಗಳಿದ್ದರೆ ಶನಿವಾರದೊಳಗೆ ಇಲ್ಲೇ ಹಾಕಿ. ಸುಮ್ನೆ ಶುಭೋದಯದ ಚಿತ್ರ ಬೇಡ.