ಬಾಣಂತನದ ಮನೆಯಲ್ಲಿ ನಾಯಿ ಇದ್ದರೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಮಗಳನ್ನು ಬಾಣಂತನಕ್ಕೆ ಕರೆತರುವ ಮನೆಯಲ್ಲಿ ನಾಯಿ ಇದ್ದರೆ ದಯವಿಟ್ಟು ಇದನ್ನು ಓದಿ.

ಹೆರಿಗೆಗೆ ಮೊದಲೇ ನಾಯಿಗೆ ರೇಬೀಸ್ ಲಸಿಕೆ, ಜಂತುಹುಳುವಿನ ಔಷಧಿ ಕೊಡಿಸಿ. ಬಾಣಂತಿಯ ಕೋಣೆಗೆ ಹೋಗದಿರುವುದನ್ನೂ ಆಗಲೇ ರೂಢಿಸಿ. ಮಗು ಬಂದ ದಿನವೇ ಬಾಗಿಲು ಮುಚ್ಚಿದರೆ ಪಾಪ, ಅದು ಕಂಗಾಲಾಗುತ್ತದೆ. ಮನೆಗೆ ಬಂದಾಗ ತಾಯಿ ಮೊದಲು ಬರಿಗೈಯಲ್ಲಿ ನಾಯಿಯನ್ನು ಮಾತನಾಡಿಸಲಿ. ಮಗುವನ್ನು ತೋರಿಸುವಾಗ ನಾಯಿಯ ಹಗ್ಗ ಇನ್ನೊಬ್ಬರ ಕೈಯಲ್ಲಿರಲಿ. ನೆಂಟರು ತುಂಬಿರುವ ನಾಮಕರಣದ ದಿನ ಮಾತ್ರ ಈ ಪರಿಚಯ ಬೇಡವೇ ಬೇಡ.

ನಾಯಿ ಗುರುಗುಟ್ಟಿದರೆ ಹೊಡೆಯಬೇಡಿ, ಗದರಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಅದು ತನಗೆ ಭಯವಾಗಿದೆ ಎಂದು ಕೊಡುವ ಎಚ್ಚರಿಕೆ. ಅಡಗಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚಬಹುದು. ಪದೇ ಪದೇ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಮೈ ಬಿಗಿಯುವುದು ಕಂಡರೂ ಸಾಕು, ಮೆಲ್ಲನೆ ದೂರ ಕರೆದೊಯ್ಯಿರಿ. ಎಷ್ಟೇ ಸಾಧುವಾದರೂ ಮಗುವಿನೊಂದಿಗೆ ನಾಯಿಯನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ತೊಟ್ಟಿಲು ಎತ್ತರದಲ್ಲಿದೆ ಎಂಬ ಧೈರ್ಯವೂ ಬೇಡ.

ಪರಚಿದರೂ ಕಚ್ಚಿದರೂ ಅರಿಸಿನ, ಸುಣ್ಣ ಹಚ್ಚದೆ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆ ಆಗಿದ್ದರೂ ಹೋಗಿ.